ಪರ್ಮಿಟ್ಟು, ಸರತಿ ಮತ್ತು ಕಾಳಸಂತೆ

1949ನೆಯ ಇಸವಿಯ ಜೂನ್ 16ರಂದು ಮುಂಬಯಿ ಪ್ರಾಂತದಲ್ಲಿ ಪಾನನಿರೋಧ ಕಾಯಿದೆ ಜಾರಿಗೆ ಬಂತು. ಮರುವರ್ಷದ ಏಪ್ರಿಲಿನಿಂದ ನಿಷೇಧ ಸಂಪೂರ್ಣವಾಯಿತು. ಆಗಿನ ಮುಂಬಯಿ ಆಡಳಿತಕ್ಕೆ ಈ ಮಹಾನಗರದ ಜೊತೆಗೆ ಗುಜರಾತಿನ ಹಲವು ಜಿಲ್ಲೆಗಳೂ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಸೇರಿದ್ದವು. ದಕ್ಷಿಣ ಕನ್ನಡವು ಮದರಾಸು ಪ್ರಾಂತದಲ್ಲಿತ್ತು, ಅಲ್ಲಿಯೂ ಪಾನನಿರೋಧವೇ. ಹೀಗಾಗಿ ಆ ಕಾಲದಲ್ಲಿ ಊರು ಬಿಟ್ಟು ಬೋರಿಬಂದರಿನಲ್ಲಿ ಇಳಿದ ಕನ್ನಡಿಗನು ಒಂದು ಒಣನಾಡಿನಿಂದ ಮತ್ತೊಂದು ಒಣನಾಡಿಗೆ ಬಂದವನು. ಮುಂದೆ ಇದೇ ಕನ್ನಡಿಗನ ಮಕ್ಕಳು ಮುಂಬಯಿಯ ಬಿಯರ್ ಬಾರುಗಳ ಗಲ್ಲಾದಲ್ಲಿ ಕುಳಿತು ನಗರಕ್ಕೆ ಪಾನಸೇವೆ ಮಾಡಲಿದ್ದರು ಎಂಬುದನ್ನು ನೆನೆದರೆ ಚರಿತ್ರೆಗೂ ಸ್ವಲ್ಪ ಹಾಸ್ಯಪ್ರಜ್ಞೆ ಇದೆಯೆಂದು ನಂಬಬೇಕಾಗುತ್ತದೆ.

ಕಾಯಿದೆಯು ಬಾಗಿಲನ್ನು ಮುಚ್ಚಿತ್ತಾದರೂ ಒಂದು ಕಿಂಡಿಯನ್ನು ಬಿಟ್ಟಿತ್ತು. ಅದಕ್ಕೆ ಪರ್ಮಿಟ್ ಎಂದು ಹೆಸರು. ಆರೋಗ್ಯದ ಕಾರಣಕ್ಕೆ ಮದ್ಯ ಬೇಕೆಂದು ವೈದ್ಯರಿಂದ ಬರೆಯಿಸಿ ತಂದವನಿಗೆ ಒಂದು ಬಗೆ, ಪರದೇಶದ ಪ್ರವಾಸಿಗೆ ಇನ್ನೊಂದು ಬಗೆ, ಮನೆಯಲ್ಲಿ ತುರ್ತಿಗೆಂದು ಬ್ರಾಂದಿ ಇಟ್ಟುಕೊಳ್ಳುವವನಿಗೆ ಮತ್ತೊಂದು ಬಗೆ. ಪರ್ಮಿಟ್ಟುದಾರನಿಗೆ ತಿಂಗಳಿಗೆ ಇಷ್ಟು ‘ಯೂನಿಟ್’ ಎಂದು ಗೊತ್ತುಮಾಡಲಾಗುತ್ತಿತ್ತು. ಒಂದು ಯೂನಿಟ್ಟಿಗೆ ಒಂದು ಬಾಟಲಿ ವಿಸ್ಕಿಯನ್ನೂ ಕೊಳ್ಳಬಹುದು, ಅದರ ಬದಲು ಹಲವು ಬಾಟಲಿ ಬಿಯರನ್ನೂ ಕೊಳ್ಳಬಹುದು. ಕೊಂಡದ್ದನ್ನು ಪರ್ಮಿಟ್ಟಿಲ್ಲದವನಿಗೆ ದಾಟಿಸುವಂತಿಲ್ಲ. ಹತ್ತು ಜನರ ಕಣ್ಣಿಗೆ ಬೀಳುವಂತೆ ಕುಡಿಯುವಂತೆಯೂ ಇಲ್ಲ. ಬೇಡಿಕೆ ಬಹಳವಿದ್ದು ಸರಕು ಕೊಂಚವೇ ಇದ್ದಾಗ ಅದನ್ನು ಯಾರಿಗೆ, ಎಷ್ಟು, ಯಾವ ಬೆಲೆಗೆ ಕೊಡಬೇಕು, ಕೊಂಡವನು ಅದನ್ನೇ ಮರುಮಾರಾಟ ಮಾಡಿ ಲಾಭ ಗಳಿಸದಂತೆ ತಡೆಯುವುದು ಹೇಗೆ ಎಂಬ ಪ್ರಶ್ನೆಗೆ ಸರಕಾರವೊಂದು ಕೊಟ್ಟ ಉತ್ತರವಾಗಿ ಈ ಪರ್ಮಿಟ್ಟನ್ನು ನೋಡಬೇಕೆಂದು ನಮಗೆ ತೋರುತ್ತದೆ. ಮಿತಿ, ಹೆಸರು, ವೈದ್ಯರ ಸಹಿ, ದಾಖಲೆ ಪುಸ್ತಕ ಎಲ್ಲವೂ ಅದರಲ್ಲಿದ್ದವು. ಆದರೂ ಅದು ಸೋತಿತು. ಏಕೆ ಸೋತಿತು ಎಂಬುದೇ ಈ ಲೇಖನದ ಕುತೂಹಲ.

ಮೊದಲ ಕಾರಣ ಸರಳ. ಕುಡಿಯದವನೂ ಪರ್ಮಿಟ್ ಪಡೆಯಬಹುದಿತ್ತು. ತನ್ನ ಪಾಲಿನ ಬಾಟಲಿಯನ್ನು ನಿಗದಿಯಾದ ಬೆಲೆಗೆ ಕೊಂಡು ಪರ್ಮಿಟ್ಟಿಲ್ಲದ ನೆರೆಯವನಿಗೆ ಹೆಚ್ಚಿನ ಬೆಲೆಗೆ ಕೊಟ್ಟರೆ ತಿಂಗಳ ಖರ್ಚಿಗೊಂದು ಆಧಾರವಾಗುತ್ತಿತ್ತು. ಬಾಟಲಿಯ ಮೇಲೆ ಕೊಂಡವನ ಹೆಸರಿರುವುದಿಲ್ಲವಷ್ಟೆ. ಪರ್ಮಿಟ್ ಪುಸ್ತಕದಲ್ಲಿ ಹೆಸರು ನಿಂತುಬಿಡುತ್ತದೆ, ಬಾಟಲಿ ಮಾತ್ರ ಮುಂದಕ್ಕೆ ಹೋಗುತ್ತದೆ.

ಎರಡನೆಯ ಕಾರಣ ಇದಕ್ಕಿಂತ ಗಂಭೀರವಾದುದು. ಪರ್ಮಿಟ್ಟು ಯಾರಿಗೆ ಸಿಗುತ್ತಿತ್ತು? ವೈದ್ಯರ ಬಳಿಗೆ ಹೋಗಬಲ್ಲವನಿಗೆ, ಅರ್ಜಿ ತುಂಬಬಲ್ಲವನಿಗೆ, ಶುಲ್ಕ ತೆರಬಲ್ಲವನಿಗೆ. ಗಿರಣಗಾವಿನ ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದು ಹೊರಬರುವ ಕಾರ್ಮಿಕನಿಗೆ ಅಲ್ಲ. ಅವನಿಗಾಗಿ ಧಾರಾವಿಯ ಕೆಸರಿನಲ್ಲಿ, ಹೊರವಲಯದ ಕೊಳಚೆ ನೀರಿನ ಅಂಚಿನಲ್ಲಿ ಭಟ್ಟಿಗಳು ಹೊಗೆಯಾಡತೊಡಗಿದವು. ಬಾಂದ್ರಾ, ಮಜಗಾಂವಿನ ಓಣಿಗಳಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಗ್ಲಾಸು ತುಂಬಿಸಿ ಕೊಡುವ ‘ಆಂಟಿ’ಯರ ಅಡ್ಡೆಗಳು ಹುಟ್ಟಿಕೊಂಡವು. ಇವುಗಳಲ್ಲಿ ದೊರೆಯುತ್ತಿದ್ದುದು ಭಟ್ಟಿಯ ಸಾರಾಯಿ. ಬಿಯರನ್ನು ಹಿತ್ತಿಲಿನಲ್ಲಿ ಗುಟ್ಟಾಗಿ ತಯಾರಿಸುವುದು ಸುಲಭವಲ್ಲ. ಬಾಟಲಿಯ ಗಾತ್ರಕ್ಕೆ ಹೋಲಿಸಿದರೆ ಅದರ ಮತ್ತೂ ಕಡಿಮೆ, ಕಳ್ಳಸಾಗಣೆಗೂ ಭಾರವೇ. ಆದ್ದರಿಂದ ಮದ್ಯಗಳಲ್ಲೆಲ್ಲ ಸೌಮ್ಯವಾದುದು ಪರ್ಮಿಟ್ಟುಳ್ಳವರ ಪಾಲಿಗೆ ಉಳಿದು, ಕಟುವಾದುದು, ಕೆಲವೊಮ್ಮೆ ಪ್ರಾಣಕ್ಕೇ ಎರವಾಗುವಂಥದು ಬಡವರ ಪಾಲಿಗೆ ಬಂತು. ಕಾಳಸಂತೆಯ ಬೆಲೆಯನ್ನು ಕೆಲವರು ಹಣದಲ್ಲಿ ತೆತ್ತರೆ ಕೆಲವರು ಕಣ್ಣಿನಲ್ಲಿ, ಜೀವದಲ್ಲಿ ತೆತ್ತರು. ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ: 2015ರ ಜೂನಿನಲ್ಲಿ ಮಲಾಡಿನ ಮಾಲವಣಿಯಲ್ಲಿ ವಿಷಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು.

ಮೇಲುವರ್ಗದವರ ಹೋರಾಟ ನ್ಯಾಯಾಲಯದಲ್ಲಿ ನಡೆಯಿತು. ಎಫ್. ಎನ್. ಬಾಲ್ಸಾರಾ ಎಂಬ ಪಾರ್ಸಿ ಗೃಹಸ್ಥರು ವಿಸ್ಕಿ, ಬ್ರಾಂದಿ, ಬಿಯರು ಮಾತ್ರವಲ್ಲದೆ ಮದ್ಯಸಾರವಿರುವ ಸುಗಂಧದ್ರವ್ಯ, ಔಷಧಿಗಳನ್ನೂ ಹೊಂದುವ ಹಕ್ಕನ್ನು ಕೇಳಿದರು. 1951ರಲ್ಲಿ ಸರ್ವೋಚ್ಚ ನ್ಯಾಯಾಲಯವು ಔಷಧಿ ಹಾಗೂ ಪ್ರಸಾಧನ ವಸ್ತುಗಳ ಮಟ್ಟಿಗೆ ಕಾಯಿದೆಯ ಕೆಲವು ಭಾಗಗಳನ್ನು ರದ್ದುಪಡಿಸಿ ಉಳಿದುದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಸಂವಿಧಾನದ ವಿದ್ಯಾರ್ಥಿಗಳು ಇಂದಿಗೂ ಈ ತೀರ್ಪನ್ನು ಓದುತ್ತಾರೆ. ಮಿಲ್ಲಿನ ಕಾರ್ಮಿಕನ ಪರವಾಗಿ ಯಾರೂ ಅಂಥದೊಂದು ಅರ್ಜಿಯನ್ನು ಹಾಕಲಿಲ್ಲ.

ಇಲ್ಲಿ ಒಂದು ಹಳೆಯ ಗ್ರಂಥದತ್ತ ತಿರುಗೋಣ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದು ಅಚ್ಚಾಯಿತು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಮದ್ಯವನ್ನು ಸಣ್ಣ ಸಣ್ಣ ಅಳತೆಗಳಲ್ಲೇ ಮಾರಬೇಕು, ನಡತೆ ಗೊತ್ತಿರುವವರಿಗೇ ಮಾರಬೇಕು, ಮನೆಗೆ ಒಯ್ಯಲು ಶುದ್ಧಚಾರಿತ್ರ್ಯದವರಿಗೆ ಮಾತ್ರ ಅವಕಾಶ, ಉಳಿದವರು ಪಾನಗೃಹದಲ್ಲಿಯೇ ಕುಡಿದು ಹೋಗಬೇಕು. ಅಲ್ಲಿ ಆಸನ, ಹಾಸಿಗೆ, ಹೂವು, ಗಂಧ, ನೀರಿನ ವ್ಯವಸ್ಥೆ ಇರಬೇಕು ಎಂಬುದು ಅದರ ತಾತ್ಪರ್ಯ. ಕೌಟಿಲ್ಯನ ಮುಖ್ಯ ಚಿಂತೆ ರಾಜ್ಯದ ಭದ್ರತೆ ಮತ್ತು ಬೊಕ್ಕಸ ಎಂಬುದನ್ನು ಮರೆಯುವಂತಿಲ್ಲ. ಆದರೂ ಕುಡಿಯುವ ಜಾಗವನ್ನು ಮಾರುವ ಜಾಗಕ್ಕೇ ಕಟ್ಟಿಹಾಕಿದರೆ ಸರಕು ಮೂರನೆಯವನ ಕೈಗೆ ದಾಟುವುದಿಲ್ಲ ಎಂಬ ಉಪಾಯ ಆ ಸೂತ್ರಗಳಲ್ಲಿ ಅಡಗಿದೆ. 1949ರ ಮುಂಬಯಿ ಕಾಯಿದೆ ಇದಕ್ಕೆ ನೇರ ವಿರುದ್ಧವಾದ ದಾರಿ ಹಿಡಿದಿತ್ತು. ಬಾಟಲಿಯನ್ನು ಮನೆಗೆ ಒಯ್ಯಿ, ಯಾರ ಕಣ್ಣಿಗೂ ಬೀಳಬೇಡ ಎಂದಿತು. ಮನೆಗೆ ಹೋದ ಬಾಟಲಿ ಎಲ್ಲಿಗೆ ಬೇಕಾದರೂ ಹೋಗಬಹುದು.

1960ರ ದಶಕದಲ್ಲಿ, ವಸಂತರಾವ್ ನಾಯಿಕರು ಮುಖ್ಯಮಂತ್ರಿಯಾದ ಮೇಲೆ, ಮಹಾರಾಷ್ಟ್ರ ಸರಕಾರ ಈ ಬಿಗಿಯನ್ನು ಸಡಿಲಿಸಿತು. ಪರ್ಮಿಟ್ಟು ಸುಲಭವಾಗಿ ದೊರೆಯತೊಡಗಿತು. ಪರ್ಮಿಟ್ಟುಳ್ಳವರು ಕುಳಿತು ಕುಡಿಯಲು ಹೊಟೇಲುಗಳಲ್ಲಿ ಪ್ರತ್ಯೇಕ ಕೋಣೆಗಳು ಬಂದವು. ‘ಪರ್ಮಿಟ್ ರೂಮ್’ ಎಂಬ ಹಲಗೆ ಹೀಗೆ ಹುಟ್ಟಿತು. ಇಡ್ಲಿ, ದೋಸೆ, ಕಾಫಿಯ ವ್ಯವಹಾರದಲ್ಲಿ ಪಳಗಿದ್ದ ಉಡುಪಿ, ಮಂಗಳೂರು ಕಡೆಯ ಹೊಟೇಲಿಗರು, ಮುಖ್ಯವಾಗಿ ಬಂಟ ಸಮಾಜದ ಶೆಟ್ಟರು, ಈ ಹೊಸ ವ್ಯವಹಾರಕ್ಕೆ ಕೈಹಾಕಿದರು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಹುಡುಗರು ಮ್ಯಾನೇಜರರಾದರು, ಪಾಲುದಾರರಾದರು, ಮಾಲಕರಾದರು. ಸಂಪ್ರದಾಯಸ್ಥರು ಮೂಗು ಮುರಿದದ್ದೂ ಉಂಟು. ನಮ್ಮ ಅಭಿಪ್ರಾಯ ಬೇರೆ. ಸ್ವಚ್ಛವಾದ ಮೇಜು, ಗೊತ್ತಾದ ಬೆಲೆ, ಮುಚ್ಚಳ ತೆಗೆಯದ ಬಾಟಲಿ, ಜೊತೆಗೊಂದು ತಟ್ಟೆ ಕಡಲೆ. ಆಂಟಿಯ ಅಡ್ಡೆಗೆ ಹೋಗುತ್ತಿದ್ದ ಸಾಮಾನ್ಯ ಗುಮಾಸ್ತನನ್ನು ಕಾನೂನಿನ ಬೆಳಕಿಗೆ ತಂದದ್ದರಲ್ಲಿ ಪಾನನಿರೋಧದ ಪೊಲೀಸರಿಗಿಂತ ಈ ಶೆಟ್ಟರ ಪಾಲು ದೊಡ್ಡದು. ಬಂಟವಾಳ ಮೂಲದ ವಿಠಲ ಮಲ್ಯರ ಯುನೈಟೆಡ್ ಬ್ರೂವರೀಸ್ 1978ರಲ್ಲಿ ಕಿಂಗ್‌ಫಿಶರನ್ನು ಮಾರುಕಟ್ಟೆಗೆ ಬಿಟ್ಟಾಗ ಅದನ್ನು ತಣ್ಣಗೆ ಮೇಜಿಗೆ ತಲುಪಿಸಲು ನಮ್ಮವರ ನೂರಾರು ಕೋಣೆಗಳು ಸಿದ್ಧವಾಗಿದ್ದವು. ತಯಾರಕನೂ ಬಡಿಸುವವನೂ ಒಂದೇ ಕರಾವಳಿಯವರು!

ಮಾಟುಂಗಾದ ಒಂದು ಉದಾಹರಣೆ ಈ ವಿಷಯಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಮದ್ಯದ ಸೋಂಕಿಲ್ಲ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಎದುರು ಉಡುಪಿ ಶ್ರೀ ಕೃಷ್ಣ ಬೋರ್ಡಿಂಗನ್ನು ತೆರೆದರು. ಮುಂದಿನ ವರ್ಷವೇ, ಅಂದರೆ 1943ರ ಮೇ ತಿಂಗಳಲ್ಲಿ, ಮುಂಬಯಿಯಲ್ಲಿ ಧಾನ್ಯದ ಪಡಿತರ ಆರಂಭವಾಯಿತು. ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸಾಯುತ್ತಿದ್ದ ವರ್ಷ ಅದು. ಮುಂಬಯಿಯಲ್ಲಿ ಅಂಥ ಅನಾಹುತ ನಡೆಯಲಿಲ್ಲ ಎಂಬುದಕ್ಕೆ ಕಾರ್ಡುಗಳ ಆಧಾರದ ಈ ಹಂಚಿಕೆಯೂ ಒಂದು ಕಾರಣ. ಊಟವೇ ಅಮೂಲ್ಯವಾಗಿದ್ದ ಆ ದಿನಗಳಿಂದ ಇಂದಿನವರೆಗೂ ಆ ಬೋರ್ಡಿಂಗಿನ ಕ್ರಮ ಬಹುಮಟ್ಟಿಗೆ ಒಂದೇ: ಮೊದಲು ಹಣ ಕೊಟ್ಟು ಕೂಪನ್ ಪಡೆಯಬೇಕು, ತನ್ನ ಸರದಿ ಬರುವವರೆಗೆ ಕಾಯಬೇಕು, ಕರೆದಾಗ ಹೋಗಿ ಕೂರಬೇಕು. ಅಲ್ಲಿಂದ ಅನತಿ ದೂರದ ಕೆಫೆ ಮದ್ರಾಸಿನ ಮುಂದೆ ಭಾನುವಾರ ಬೆಳಿಗ್ಗೆ ಹೋದವರಿಗೆ ಗೊತ್ತು, ಹೆಸರು ಬರೆಸಿ ಪಾದಚಾರಿ ಮಾರ್ಗದಲ್ಲಿ ನಿಲ್ಲಬೇಕು. ಕಾರಿನಲ್ಲಿ ಬಂದವರೂ ಲೋಕಲ್ ರೈಲಿನಲ್ಲಿ ಬಂದವರೂ ಅದೇ ಪಟ್ಟಿಯಲ್ಲಿ. ಇಲ್ಲಿ ಕಾಳಸಂತೆ ಏಕೆ ಹುಟ್ಟಲಿಲ್ಲ? ಬಾಳೆಯೆಲೆಯ ಮೇಲಿನ ಊಟವನ್ನು ಮರುಮಾರಾಟ ಮಾಡುವಂತಿಲ್ಲ. ಕೊಂಡವನೇ ಉಣ್ಣಬೇಕು, ಅಲ್ಲೇ ಉಣ್ಣಬೇಕು, ಬಿಸಿಯಿರುವಾಗಲೇ ಉಣ್ಣಬೇಕು. ಒಬ್ಬ ಮನುಷ್ಯನ ಹೊಟ್ಟೆ ಎಷ್ಟು ಹಿಡಿಸುತ್ತದೆಯೋ ಅದೇ ಮಿತಿ. ಬಾಟಲಿಗೆ ತುಂಬಿಸದೆ ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಸುರಿಯುವ ಇಂದಿನ ಸಣ್ಣ ಬಿಯರ್ ತಯಾರಕರಿಗೂ ಇದೇ ಅನುಕೂಲವಿದೆ: ಅವರ ವಿಶೇಷ ಬಿಯರು ಎಷ್ಟೇ ಪ್ರಸಿದ್ಧವಾದರೂ ಅದನ್ನು ಬಚ್ಚಿಟ್ಟು ಆರು ತಿಂಗಳ ನಂತರ ಮೂರು ಪಟ್ಟು ಬೆಲೆಗೆ ಮಾರುವವನಿಲ್ಲ.

ಎಲ್ಲ ಸರಕನ್ನೂ ಅಲ್ಲೇ ಕುಡಿದು ಮುಗಿಸಲಾಗುವುದಿಲ್ಲವಲ್ಲ. ಹಾಲಿನ ಕಥೆ ನೋಡಿ. ಯುದ್ಧಕಾಲದ ಮುಂಬಯಿಯಲ್ಲಿ ಹಾಲು ದುಬಾರಿ ಮಾತ್ರವಲ್ಲ, ಕೊಳಕು ಕೂಡ. ನಗರದ ನಡುವಿನ ಕಿಷ್ಕಿಂಧೆಯಂಥ ತಬೇಲಾಗಳಲ್ಲಿ ಎಮ್ಮೆಗಳನ್ನು ಕಟ್ಟಲಾಗುತ್ತಿತ್ತು. ದಾರಾ ಖುರೋಡಿ ಎಂಬ ದಕ್ಷ ಅಧಿಕಾರಿಯ ನೇತೃತ್ವದಲ್ಲಿ ಗೋರೆಗಾಂವಿನ ಆರೆಯಲ್ಲಿ ಸುಮಾರು 1,300 ಹೆಕ್ಟೇರು ಗುಡ್ಡಗಾಡಿನ ಪ್ರದೇಶದಲ್ಲಿ ಹಾಲಿನ ಕಾಲನಿ ನಿರ್ಮಾಣವಾಯಿತು. 1951ರ ಮಾರ್ಚಿನಲ್ಲಿ ನೆಹರೂ ಅದನ್ನು ಉದ್ಘಾಟಿಸಿದರು. ಆರೆಯ ಹಾಲು ಗಾಜಿನ ಬಾಟಲಿಗಳಲ್ಲಿ, ಬಣ್ಣದ ತೆಳು ಹಾಳೆಯ ಮುಚ್ಚಳದೊಂದಿಗೆ ಬೀದಿಯ ಕಟ್ಟೆಗಳಿಗೆ ಬರುತ್ತಿತ್ತು. ಅದನ್ನು ಪಡೆಯಲು ಕಾರ್ಡು ಬೇಕು. ನಸುಕಿನಲ್ಲಿ ಎದ್ದು, ಹಿಂದಿನ ದಿನದ ಖಾಲಿ ಬಾಟಲಿಗಳನ್ನು ತಂತಿಯ ಬುಟ್ಟಿಯಲ್ಲಿಟ್ಟುಕೊಂಡು ಹಾಲಿನ ಕೇಂದ್ರದ ಮುಂದೆ ನಿಲ್ಲುವುದು ಚಾಳಿನ ಪ್ರತಿ ಮನೆಯ ದಿನಚರಿಯಾಗಿತ್ತು. ನಮ್ಮ ತಲೆಮಾರಿನವರಿಗೆ ಆ ಬಾಟಲಿಗಳ ಕಿಣಿಕಿಣಿ ಸದ್ದು ಇನ್ನೂ ಕಿವಿಯಲ್ಲಿದೆ. ಹಾಲಿನ ಕಾರ್ಡನ್ನು ಮನೆಯ ಕಾಗದಪತ್ರಗಳ ಜೊತೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದ ಕಾಲವದು. ವರ್ಗವಾಗಿ ಊರು ಬಿಡುವವರು ಅದನ್ನು ನೆಂಟರಿಗೋ ನೆರೆಯವರಿಗೋ ಬಿಟ್ಟುಹೋಗುತ್ತಿದ್ದರು. ಕಾರ್ಡಿನಲ್ಲಿ ಒಬ್ಬರ ಹೆಸರು, ಹಾಲು ಕುಡಿಯುವವರು ಇನ್ನೊಬ್ಬರು.

ಈ ಹಾಲಿನ ಪ್ರಕರಣದಲ್ಲಿ ನಮಗೆ ಅತ್ಯಂತ ಕುತೂಹಲಕರವಾಗಿ ಕಾಣುವುದು ಕಾರ್ಡಲ್ಲ, ಖುರೋಡಿಯವರ ‘ಟೋನ್ಡ್’ ಹಾಲು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಹೆಚ್ಚು. ಅದಕ್ಕೆ ನೀರನ್ನೂ ಕೆನೆ ತೆಗೆದ ಹಾಲಿನ ಪುಡಿಯನ್ನೂ ಸೇರಿಸಿ ಕೊಬ್ಬಿನ ಪ್ರಮಾಣವನ್ನು ಇಳಿಸಿದರೆ ಅಷ್ಟೇ ಎಮ್ಮೆಗಳಿಂದ ಹೆಚ್ಚು ಮಕ್ಕಳಿಗೆ, ಕಡಿಮೆ ಬೆಲೆಗೆ ಹಾಲು ಸಿಗುತ್ತದೆ. ಗವಳಿಗರು ಹಾಲಿಗೆ ನೀರು ಬೆರೆಸುವುದು ಮೋಸವಾದರೆ ಸರಕಾರ ಬೆರೆಸುವುದು ವಿಜ್ಞಾನವೇ ಎಂದು ಜನ ನಕ್ಕಿರಬಹುದು. ಆದರೆ ಕಾರ್ಡಿನ ದುರುಪಯೋಗ ಮಾಡುವವನನ್ನು ಹಿಡಿಯುವುದಕ್ಕೆ ಖರ್ಚುಮಾಡುವ ಬುದ್ಧಿಯನ್ನು ಸರಕು ಹೆಚ್ಚಿಸುವುದಕ್ಕೆ ಖರ್ಚುಮಾಡಿದ ವಿರಳ ಅಧಿಕಾರಿಗಳಲ್ಲಿ ಅವರೊಬ್ಬರು. 1963ರಲ್ಲಿ ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರ ಜೊತೆ ಅವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1970ರಲ್ಲಿ ಆರಂಭವಾದ ಕ್ಷೀರಧಾರೆ ಯೋಜನೆಯ ಫಲವಾಗಿ ಹಾಲಿನ ಹೊಳೆ ಹರಿಯತೊಡಗಿದ ಮೇಲೆ ಕಾರ್ಡನ್ನು ಯಾರೂ ರದ್ದುಪಡಿಸಬೇಕಾಗಲಿಲ್ಲ. ಅದು ಪೆಟ್ಟಿಗೆಯ ತಳದಲ್ಲಿ ತಾನಾಗಿ ಹಳದಿಯಾಯಿತು.

ಹಾಲನ್ನು ಹೆಚ್ಚಿಸಬಹುದು. ಮರಾಠಾ ಮಂದಿರದ ಕುರ್ಚಿಗಳನ್ನು ಹೆಚ್ಚಿಸುವುದು ಹೇಗೆ? 1960ರ ಆಗಸ್ಟಿನಲ್ಲಿ ಅಲ್ಲಿ ‘ಮುಘಲ್-ಎ-ಆಜಂ’ ತೆರೆಕಂಡಾಗ ಟಿಕೇಟಿಗಾಗಿ ಜನ ಬೀದಿಯಲ್ಲೇ ಮಲಗಿದರು. ಅದೇ ವರ್ಷ ಬಂದ ವಿಜಯ್ ಆನಂದರ ‘ಕಾಲಾ ಬಾಜಾರ್’ ಚಿತ್ರದಲ್ಲಿ ದೇವ್ ಆನಂದ್ ಸಿನೆಮಾ ಟಿಕೇಟನ್ನು ಬ್ಲ್ಯಾಕ್‌ನಲ್ಲಿ ಮಾರುವ ಯುವಕ. 1957ರಲ್ಲಿ ಲಿಬರ್ಟಿ ಚಿತ್ರಮಂದಿರದಲ್ಲಿ ನಡೆದ ‘ಮದರ್ ಇಂಡಿಯಾ’ ಚಿತ್ರದ ಪ್ರಥಮ ಪ್ರದರ್ಶನದ ನಿಜದೃಶ್ಯಗಳನ್ನೇ ಆ ಚಿತ್ರದಲ್ಲಿ ಬಳಸಿಕೊಳ್ಳಲಾಗಿದೆ. ಹಿಂದಿ ಸಿನೆಮಾವು ತನ್ನದೇ ಟಿಕೇಟಿನ ಕಾಳಸಂತೆಯನ್ನು ಕಥಾವಸ್ತುವಾಗಿ ಮಾಡಿಕೊಂಡು, ಆ ಸಿನೆಮಾದ ಟಿಕೇಟೂ ಬ್ಲ್ಯಾಕ್‌ನಲ್ಲಿ ಹೋಗುವ ನಗರ ಇದು. ತಿಲಕ್ ನಗರದ ಸಹಕಾರ್ ಚಿತ್ರಮಂದಿರದ ಮುಂದೆ ಟಿಕೇಟು ಮಾರುತ್ತಿದ್ದ ಹುಡುಗರಲ್ಲಿ ಕೆಲವರು ಮುಂದೆ ಭೂಗತ ಲೋಕದ ದೊಡ್ಡ ಹೆಸರುಗಳಾದರು. ಐದು ರೂಪಾಯಿಯ ಟಿಕೇಟನ್ನು ಹತ್ತಕ್ಕೆ ಮಾರುವ ಜಾಗಕ್ಕಾಗಿ ಮೊದಲು ಮುಷ್ಟಿ, ಆಮೇಲೆ ಚೂರಿ, ಆಮೇಲೆ ಪಿಸ್ತೂಲು.

ಕಾಳಸಂತೆಯವನು ಖಳನೋ ಸೇವಕನೋ ಎಂಬ ಜಗಳ ಹಳೆಯದು. ಇಂಗ್ಲಿಷ್ ಸಾಹಿತ್ಯವನ್ನು ಓದುವಾಗ ನಮಗೆ ಎದುರಾದ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಸಂತೆಗೆ ಬರುವ ಸರಕನ್ನು ದಾರಿಯಲ್ಲೇ ಕೊಳ್ಳುವವನು, ಸಂತೆಯಲ್ಲಿ ಕೊಂಡು ಅಲ್ಲೇ ಮರಳಿ ಮಾರುವವನು, ರಾಶಿ ಹಾಕಿ ಬಚ್ಚಿಡುವವನು ಎಂದು ಮೂವರಿಗೂ ಮೂರು ಪ್ರತ್ಯೇಕ ಪದಗಳು ಹಳೆಯ ಇಂಗ್ಲೆಂಡಿನಲ್ಲಿದ್ದವು. 1552ರ ಶಾಸನವೊಂದು ಮೂವರಿಗೂ ಶಿಕ್ಷೆ ವಿಧಿಸುತ್ತಿತ್ತು. 1772ರಲ್ಲಿ ಅದನ್ನು ರದ್ದುಮಾಡಲಾಯಿತು. ನಾಲ್ಕು ವರ್ಷಗಳ ಬಳಿಕ ಆಡಂ ಸ್ಮಿತ್ ತನ್ನ ಗ್ರಂಥದಲ್ಲಿ ಈ ವ್ಯಾಪಾರಿಗಳ ಬಗೆಗಿನ ಜನರ ಭೀತಿಯನ್ನು ಮಾಟಗಾತಿಯರ ಭೀತಿಗೆ ಹೋಲಿಸಿದ. ಧಾನ್ಯವನ್ನು ಬಚ್ಚಿಡುವವನು ಬರಗಾಲ ಬರುವ ಮೊದಲೇ ಬೆಲೆಯೇರಿಸಿ ಜನರನ್ನು ಮಿತವ್ಯಯಕ್ಕೆ ಹಚ್ಚುತ್ತಾನೆ, ಇದು ಉಪಕಾರವೇ ಎಂಬುದು ಅವನ ವಾದದ ಸಾರ. ಧಾನ್ಯದ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. ಬೆಲೆಯೇರಿದರೆ ಮುಂದಿನ ಬೆಳೆಗೆ ಹೆಚ್ಚು ಬಿತ್ತುವವರಿರುತ್ತಾರೆ. ಆದರೆ ಸಿನೆಮಾದ ಮೊದಲ ಆಟಕ್ಕೆ, ರೈಲಿನ ಬರ್ತಿಗೆ ಅದು ಹೊಂದುವುದಿಲ್ಲ. ಬ್ಲ್ಯಾಕ್‌ನವನು ಒಂದೇ ಒಂದು ಕುರ್ಚಿಯನ್ನೂ ಹೊಸದಾಗಿ ಸೃಷ್ಟಿಸುವುದಿಲ್ಲ. ಇದ್ದ ಕುರ್ಚಿಗೂ ಕೂರುವವನಿಗೂ ನಡುವೆ ತಾನೊಂದು ಕುರ್ಚಿ ಹಾಕಿಕೊಳ್ಳುತ್ತಾನೆ.

ಹೆಚ್ಚು ತಯಾರಿಸಬಲ್ಲವನೇ ತಯಾರಿಸುವುದಿಲ್ಲ ಎಂದು ಹಟ ಹಿಡಿದರೆ? ಬೆಲ್ಜಿಯಂ ದೇಶದ ವೆಸ್ಟ್‌ವ್ಲೆಟೆರೆನ್ ಎಂಬ ಹಳ್ಳಿಯಲ್ಲಿ ಸೇಂಟ್ ಸಿಕ್ಸ್ಟಸ್ ಮಠವಿದೆ. ಅಲ್ಲಿನ ಟ್ರಾಪಿಸ್ಟ್ ಸನ್ಯಾಸಿಗಳು ಹತ್ತೊಂಬತ್ತನೆಯ ಶತಮಾನದಿಂದ ಬಿಯರ್ ತಯಾರಿಸುತ್ತಿದ್ದಾರೆ. ಮಠದ ಖರ್ಚಿಗೆ ಎಷ್ಟು ಬೇಕೋ ಅಷ್ಟೇ ತಯಾರಿ. ಉಳಿದ ಹೊತ್ತು ಪ್ರಾರ್ಥನೆಗೆ. 2005ರಲ್ಲಿ ಅಂತರ್ಜಾಲದ ಅಭಿಮಾನಿಗಳು ಅವರ ಒಂದು ಬಿಯರನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಆರಿಸಿದ್ದೇ ತಡ, ಹಳ್ಳಿಯ ರಸ್ತೆಯಲ್ಲಿ ಕಾರುಗಳ ಸಾಲು ಕಿಲೋಮೀಟರುಗಟ್ಟಲೆ ಬೆಳೆಯಿತು. ಸನ್ಯಾಸಿಗಳು ಬೆಲೆಯನ್ನು ಏರಿಸಲಿಲ್ಲ, ತಯಾರಿಯನ್ನೂ ಹೆಚ್ಚಿಸಲಿಲ್ಲ. ಮೊದಲೇ ದೂರವಾಣಿ ಮಾಡಿ ಸಮಯ ಗೊತ್ತುಮಾಡಿಕೊಳ್ಳಬೇಕು, ಕಾರಿನ ಸಂಖ್ಯೆ ಕೊಡಬೇಕು, ಗೊತ್ತಾದಷ್ಟೇ ಪೆಟ್ಟಿಗೆ, ಮರುಮಾರಾಟ ಮಾಡುವುದಿಲ್ಲವೆಂಬ ಒಪ್ಪಿಗೆ. ಹಾಗಿದ್ದೂ 2018ರಲ್ಲಿ ನೆದರ್‌ಲೆಂಡ್ಸಿನ ಒಂದು ಸೂಪರ್ ಮಾರ್ಕೆಟ್ ಸರಪಳಿಯು ಮಧ್ಯವರ್ತಿಗಳಿಂದ ಸಾವಿರಾರು ಬಾಟಲಿ ಸಂಗ್ರಹಿಸಿ, ಮಠದ ಬಾಗಿಲಲ್ಲಿ ಎರಡು ಯೂರೋಗೂ ಸಿಗದಿರದಂಥದನ್ನು ಹತ್ತಿರ ಹತ್ತು ಯೂರೋಗೆ ಮಾರಿತು. ಸನ್ಯಾಸಿಗಳು ನೊಂದರು. ಮರುವರ್ಷ ದೂರವಾಣಿಯ ಬದಲು ಅಂತರ್ಜಾಲದ ವ್ಯವಸ್ಥೆ ತಂದರು. ಅದರಲ್ಲಿ ಇತ್ತೀಚೆಗೆ ಕೊಳ್ಳದವನಿಗೆ ಮೊದಲ ಆದ್ಯತೆ. ಇದು ಸಣ್ಣ ಬದಲಾವಣೆಯಂತೆ ಕಂಡರೂ ನಮ್ಮ ಪರ್ಮಿಟ್ಟಿನ ತರ್ಕಕ್ಕೆ ಪೂರ್ಣ ತಿರುವು. ನಮ್ಮಲ್ಲಿ ಒಮ್ಮೆ ಕಾರ್ಡು ಸಿಕ್ಕಿದವನಿಗೆ ಪ್ರತಿ ತಿಂಗಳೂ ಸಿಗುತ್ತಿತ್ತು. ಅಲ್ಲಿ ಒಮ್ಮೆ ಸಿಕ್ಕಿದವನು ಸಾಲಿನ ಹಿಂದಕ್ಕೆ ಹೋಗುತ್ತಾನೆ. ಒಂದೊಂದು ಪೆಟ್ಟಿಗೆ ಕೊಳ್ಳುವ ಅಭಿಮಾನಿಗೆ ಇದರಿಂದ ತೊಂದರೆಯಿಲ್ಲ. ವಾರವಾರ ಬರುವ ವ್ಯಾಪಾರಿಗೆ ಮಾತ್ರ ಬಾಗಿಲು ಕಿರಿದಾಗುತ್ತದೆ.

ಮುಂಬಯಿ ಕನ್ನಡಿಗರಾದ ನಮ್ಮ ಪಾಲಿಗೆ ವೆಸ್ಟ್‌ವ್ಲೆಟೆರೆನ್ ಎಂದರೆ ಮತ್ಸ್ಯಗಂಧಾ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದುಕೊಂಡ ಮೇಲೆ ಕುರ್ಲಾದಿಂದ ಮಂಗಳೂರಿಗೆ ಹೊರಟ ಈ ಗಾಡಿ, ಘಟ್ಟದ ಬಸ್ಸಿನಲ್ಲಿ ಮೂಳೆ ಸಡಿಲಿಸಿಕೊಂಡು ಊರಿಗೆ ಹೋಗುತ್ತಿದ್ದವರಿಗೆ ವರವಾಯಿತು. ಆದರೆ ಮೇ ತಿಂಗಳ ರಜೆ, ಚೌತಿ, ಊರಿನ ನೇಮ, ಜಾತ್ರೆ, ಮದುವೆ ಎಲ್ಲಕ್ಕೂ ಇರುವುದು ಅವೇ ಬರ್ತುಗಳು. ರಾತ್ರಿ ಹಾಸಿಗೆ ಸಮೇತ ಹೋಗಿ ಕಾಯ್ದಿರಿಸುವ ಕಿಟಕಿಯ ಮುಂದೆ ಮಲಗಿದವರು ನಮ್ಮಲ್ಲಿ ಅನೇಕರು. ಬೆಳಿಗ್ಗೆ ಕಿಟಕಿ ತೆರೆಯುವ ಹೊತ್ತಿಗೆ ಮುಂದಿನ ಹತ್ತು ಜಾಗಗಳಲ್ಲಿ ರಾತ್ರಿಯಿಡೀ ಕಾಣದ ಹತ್ತು ಮುಖಗಳು. ಹಿರಿಯರು ತೀರಿಕೊಂಡ ಸುದ್ದಿ ಬಂದ ದಿನ ದಲಾಲನಿಗೆ ಮೂರು ಪಟ್ಟು ಕೊಟ್ಟು, ಬೇರಾರದೋ ಹೆಸರಿನ ಟಿಕೇಟಿನಲ್ಲಿ, ಬೇರಾರದೋ ವಯಸ್ಸನ್ನು ಬಾಯಿಪಾಠ ಮಾಡಿಕೊಂಡು ಹೋದವರನ್ನೂ ನಾವು ಬಲ್ಲೆವು. ಕೇಂದ್ರ ಸರಕಾರದ ನೌಕರರಾದ ನಮಗೆ ಇನ್ನೊಂದು ಬಾಗಿಲೂ ಗೊತ್ತು: ಕಚೇರಿಯ ಲೆಟರ್‌ಹೆಡ್ಡಿನಲ್ಲಿ ತುರ್ತು ಕೋಟಾಕ್ಕೆ ಬರೆಯಿಸುವ ಪತ್ರ. ಅದು ಕಾನೂನುಬದ್ಧವೇ. ಆದರೆ ಸಾಲಿನಲ್ಲಿ ನಿಂತವನ ಕಣ್ಣಿಗೆ ದಲಾಲನ ಟಿಕೇಟಿಗೂ ಆ ಪತ್ರಕ್ಕೂ ಎಷ್ಟು ವ್ಯತ್ಯಾಸ ಕಾಣುತ್ತದೆಂಬುದನ್ನು ನಾವು ಆಗಾಗ ಕೇಳಿಕೊಳ್ಳುವುದು ಒಳ್ಳೆಯದು.

ರೈಲ್ವೆ ತಾನೂ ಸುಮ್ಮನೆ ಕುಳಿತಿಲ್ಲ. 1989ರ ರೈಲ್ವೆ ಕಾಯಿದೆಯ 143ನೆಯ ಕಲಮು ಅನಧಿಕೃತ ಟಿಕೇಟು ವ್ಯಾಪಾರಕ್ಕೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. 1997ರಲ್ಲಿ ತತ್ಕಾಲ್ ಬಂತು. ಆಮೇಲೆ ಗುರುತಿನ ಚೀಟಿ ಬಂತು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಲಾಯಿತು. 2025ರ ಜುಲೈಯಿಂದ ಅಂತರ್ಜಾಲದ ತತ್ಕಾಲ್ ಟಿಕೇಟಿಗೆ ಆಧಾರ್ ದೃಢೀಕರಣ ಬೇಕು, ಮೊದಲ ಅರ್ಧ ಗಂಟೆ ಅಧಿಕೃತ ಏಜೆಂಟರಿಗೂ ಪ್ರವೇಶವಿಲ್ಲ. ಮಠದ ಸನ್ಯಾಸಿಗಳೂ ನಮ್ಮ ರೈಲ್ವೆಯೂ ಬೇರೆ ಬೇರೆ ದಾರಿಯಿಂದ ಒಂದೇ ಕಡೆಗೆ ಬಂದಿದ್ದಾರೆ: ಸರಕಿನ ಮೇಲೆ ಮನುಷ್ಯನ ಹೆಸರನ್ನು ಅಳಿಸಲಾಗದಂತೆ ಬರೆಯುವುದು. ಬಾಟಲಿಗೆ ಸಾಧ್ಯವಾಗದ್ದು ಬರ್ತಿಗೆ ಸಾಧ್ಯವಾಯಿತು. ಇಷ್ಟಾದರೂ ಹನ್ನೊಂದು ಗಂಟೆಗೆ ತೆರೆದ ಸ್ಲೀಪರ್ ತತ್ಕಾಲು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಏಕೆಂದರೆ ಊರಿಗೆ ಹೋಗುವವರು ಅಷ್ಟು ಮಂದಿ, ಗಾಡಿಗಳು ಅಷ್ಟೇ.

ಹೆಸರಿಲ್ಲದ ಟಿಕೇಟಿನ ಗತಿಯನ್ನು 2024ರ ಸೆಪ್ಟೆಂಬರಿನಲ್ಲಿ ಇಡೀ ದೇಶ ನೋಡಿತು. ನವಿ ಮುಂಬಯಿಯ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ಸಂಗೀತ ಕಾರ್ಯಕ್ರಮ. ಒಬ್ಬರಿಗೆ ನಾಲ್ಕೇ ಟಿಕೇಟು ಎಂಬ ಮಿತಿಯಿದ್ದರೂ ಕೆಲವೇ ಗಂಟೆಗಳಲ್ಲಿ ಅವು ಬೇರೆ ತಾಣಗಳಲ್ಲಿ ಹಲವು ಪಟ್ಟು ಬೆಲೆಗೆ, ಲಕ್ಷದ ಲೆಕ್ಕದಲ್ಲಿ ಕಾಣಿಸಿಕೊಂಡವು. ಪೊಲೀಸ್ ದೂರು, ವಿಚಾರಣೆ, ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಲ್ಲವೂ ನಡೆದವು. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಇದು ಶಾಸಕಾಂಗ ಯೋಚಿಸಬೇಕಾದ ನೀತಿಯ ವಿಷಯವೆಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಸಂಗೀತ ಕೇಳದಿದ್ದರೆ ಯಾರೂ ಸಾಯುವುದಿಲ್ಲವಾದ್ದರಿಂದ ನಾವೂ ಅಲ್ಲಿಗೇ ಬಿಡೋಣ.

1949ರ ಪರ್ಮಿಟ್ಟಿಗೆ ಒಂದು ಉತ್ತರಕಾಂಡವಿದೆ. ಕಾಯಿದೆ ಇಂದಿಗೂ ಬದುಕಿದೆ, ಈಗ ಅದರ ಹೆಸರು ಮಹಾರಾಷ್ಟ್ರ ಪಾನನಿರೋಧ ಕಾಯಿದೆ. ಅದರ ಪ್ರಕಾರ ಮುಂಬಯಿಯಲ್ಲಿ ಕುಡಿಯುವ ಪ್ರತಿಯೊಬ್ಬನೂ ಪರ್ಮಿಟ್ ಹೊಂದಿರಬೇಕು: ಒಂದು ದಿನದ್ದು, ಒಂದು ವರ್ಷದ್ದು ಅಥವಾ ಜೀವಮಾನದ್ದು. ಹಲವು ದಶಕಗಳಿಂದ ಇದನ್ನು ಯಾರೂ ಕೇಳುತ್ತಿರಲಿಲ್ಲ, ತೋರಿಸುತ್ತಲೂ ಇರಲಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಅಂಗಡಿಗಳು ಮುಚ್ಚಿದಾಗ ಬಚ್ಚಿಟ್ಟ ಬಾಟಲಿಗಳು ಮುದ್ರಿತ ಬೆಲೆಯ ಹಲವು ಪಟ್ಟಿಗೆ ಕೈಬದಲಾಯಿಸತೊಡಗಿದವು. ಮಿಠಾಯಿಯಂತೆ ಮನೆಮನೆಗೆ ಬರುತ್ತಿದ್ದ ಬಿಯರೂ ಅಪರೂಪವಾಯಿತು. ಮೇ 4ರಂದು ಅಂಗಡಿ ತೆರೆದರೆ ಸಾಲುಗಳು ಬೀದಿ ತಿರುಗಿ ಹೋದವು. ಎರಡೇ ದಿನಗಳಲ್ಲಿ ಮಹಾನಗರಪಾಲಿಕೆ ಮತ್ತೆ ಬಾಗಿಲು ಹಾಕಿಸಿತು. ಅದೇ ತಿಂಗಳ ಕೊನೆಯ ಭಾಗದಲ್ಲಿ ಮುಂಬಯಿಯಲ್ಲಿ ಮನೆಗೇ ತಲುಪಿಸಲು ಅನುಮತಿ ಸಿಕ್ಕಿತು, ಪರ್ಮಿಟ್ ಇದ್ದವರಿಗೆ ಮಾತ್ರ. ಮೊರಾರ್ಜಿಯವರ ಕಾಲದ ಚೀಟಿ ಮೊಬೈಲಿನ ಪರದೆಯ ಮೇಲೆ ಮರುಹುಟ್ಟು ಪಡೆಯಿತು. ಐದು ರೂಪಾಯಿಗೆ ಒಂದು ದಿನದ್ದು, ಸಾವಿರಕ್ಕೆ ಜೀವಮಾನದ್ದು. ಎರಡು ತಿಂಗಳು ಕಾಳಸಂತೆಯ ಬೆಲೆ ತೆತ್ತಿದ್ದವರು ಮನೆಯಲ್ಲೇ ಕುಳಿತು ಅರ್ಜಿ ತುಂಬಿದರು, ಮುದ್ರಿತ ಬೆಲೆಗೆ ಬಾಟಲಿ ಬಾಗಿಲಿಗೆ ಬಂತು. ಅರ್ಜಿಯಲ್ಲಿ ಹೆಸರು, ವಯಸ್ಸು, ಮನೆಯ ವಿಳಾಸ ಬೇಕಾಗಿತ್ತು. ವಿಳಾಸವಿಲ್ಲದವರು ಆ ವಾರಗಳಲ್ಲಿ ಮುಂಬಯಿ–ನಾಶಿಕ್ ಹೆದ್ದಾರಿಯಲ್ಲಿ ಉತ್ತರಕ್ಕೆ ನಡೆಯುತ್ತಿದ್ದರು.